ನಾಗೋಲ್ಡ್ ಕಣಿವೆಯಲ್ಲಿ ಎರಡು ದಿನ

ಟ್ಯೂಬಿಂಗನ್ ಎಂಬುದು ಜರ್ಮನಿ ದೇಶದ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಡದಲ್ಲಿರುವ ಒಂದು ಪುಟ್ಟ ಪಟ್ಟಣ. 1477ರಲ್ಲಿ ಅಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವೇ ಆ ಊರಿನ ಪ್ರಾಣ. ಸಂಸ್ಕೃತವನ್ನು ಓದಿದವರಿಗೆ ಈ ಊರಿನ ಹೆಸರು ಅಪರಿಚಿತವಲ್ಲ. ಓಟೋ ಬೋಟ್ಲಿಂಕರೊಡನೆ ಸೇರಿ ಪೀಟರ್ಸ್‌ಬರ್ಗಿನ ಸಂಸ್ಕೃತ ಮಹಾಕೋಶವನ್ನು ರಚಿಸಿದ ರೂಡಾಲ್ಫ್ ರೋಟ್ ಪಂಡಿತರು ಇಲ್ಲಿಯ ಅಧ್ಯಾಪಕರು. ಕಾಶ್ಮೀರದಿಂದ ಅವರಿಗೆ ಬಂದ ಪೈಪ್ಪಲಾದ ಶಾಖೆಯ ಅಥರ್ವವೇದದ ಭೂರ್ಜಪತ್ರದ ಪ್ರತಿಯು ಇಂದಿಗೂ ಇಲ್ಲಿಯ ಗ್ರಂಥಭಂಡಾರದಲ್ಲಿ ಇರುವುದು. ಕನ್ನಡಿಗರಿಗಂತೂ ಇದು ಇನ್ನೂ ಹತ್ತಿರದ ಊರು. ಹರ್ಮನ್ ಮೋಗ್ಲಿಂಗರಿಗೆ 1858ರಲ್ಲಿ, ಫರ್ಡಿನಾಂಡ್ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟುದು ಈ ವಿಶ್ವವಿದ್ಯಾಲಯವೇ. ಕಿಟ್ಟೆಲರು 1903ರಲ್ಲಿ ದೇಹವನ್ನು ಬಿಟ್ಟುದೂ ಈ ಊರಿನಲ್ಲಿಯೇ.

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಐದು ವರ್ಷ ಸಂಸ್ಕೃತವನ್ನು ಪಾಠ ಹೇಳಿದ ಮೇಲೆ, ಒಂದು ವಿದ್ಯಾರ್ಥಿವೇತನದ ಬಲದಿಂದ 1994ರ ಶರತ್ಕಾಲದಲ್ಲಿ ಈ ಊರಿಗೆ ಹೋದೆನು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ ವಯಸ್ಸು. ವೇತನವು ಊಟಕ್ಕೂ ಬಾಡಿಗೆಗೂ ಸರಿಹೋಗುತ್ತಿತ್ತು. ದೇಶವನ್ನು ನೋಡುವುದಕ್ಕೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಆರು ತಿಂಗಳ ಕಾಲ ನಾನು ಕಂಡ ಜರ್ಮನಿ ದೇಶವೆಂದರೆ ನನ್ನ ಕೊಠಡಿಯಿಂದ ಗ್ರಂಥಭಂಡಾರದ ವರೆಗಿನ ದಾರಿ ಮಾತ್ರ.

ಆ ವರ್ಷವೇ, ಎಂದರೆ 1995ರಲ್ಲಿ, ಜರ್ಮನಿಯ ರೈಲ್ವೆಯವರು ಒಂದು ಹೊಸ ಟಿಕೆಟನ್ನು ಹೊರಡಿಸಿದರು. ‘ಸುಂದರ ವಾರಾಂತ್ಯದ ಟಿಕೆಟು’ ಎಂದು ಅದರ ಹೆಸರು. ಹದಿನೈದು ಮಾರ್ಕು ಕೊಟ್ಟರೆ ಐದು ಮಂದಿ ಒಟ್ಟಾಗಿ, ಶನಿವಾರ ಭಾನುವಾರಗಳೆರಡು ದಿನವೂ, ದೇಶದ ಯಾವ ಮೂಲೆಗೆ ಬೇಕಾದರೂ ಹೋಗಬಹುದಾಗಿತ್ತು. ನಿಯಮ ಒಂದೇ: ವೇಗದ ಗಾಡಿಗಳನ್ನು ಹತ್ತಕೂಡದು, ಪ್ರತಿಯೊಂದು ಸಣ್ಣ ನಿಲ್ದಾಣದಲ್ಲಿಯೂ ನಿಂತು ಉಸಿರಾಡಿಕೊಂಡು ಹೋಗುವ ಪ್ಯಾಸೆಂಜರು ಗಾಡಿಗಳೇ ಆಗಬೇಕು. ತಲೆಗೆ ಮೂರು ಮಾರ್ಕು! ಈ ಸುದ್ದಿಯು ವಿದ್ಯಾರ್ಥಿಗಳಲ್ಲಿ ಕಾಡುಗಿಚ್ಚಿನಂತೆ ಹಬ್ಬಿತು. ಅಂತಹ ಅಗ್ಗವು ಬಹಳ ಕಾಲ ನಿಲ್ಲತಕ್ಕದ್ದಲ್ಲ. ಬೇಗನೆ ಬೆಲೆ ಏರಿತು. ಮುಂದೆ ಎರಡು ದಿನವು ಒಂದೇ ದಿನವಾಯಿತು. 2019ರಲ್ಲಿ ಆ ಟಿಕೆಟನ್ನೇ ನಿಲ್ಲಿಸಿಬಿಟ್ಟರು. ಮಾರ್ಕೆಂಬ ನಾಣ್ಯವೂ ಈಗ ಇಲ್ಲ. ಆದರೆ ನಾವು ಹೊರಟುದು ಆ ಅಗ್ಗದ ಮೊದಲ ದಿನಗಳಲ್ಲಿ, ಮಾರ್ಚ್ 25ನೆಯ ತಾರೀಖಿನ ಶನಿವಾರ. ಯುಗಾದಿಗೆ ಇನ್ನು ಒಂದು ವಾರವಿತ್ತು.

ಐವರು ಸೇರದಿದ್ದರೆ ಟಿಕೆಟು ಲಾಭವಿಲ್ಲವಾದುದರಿಂದ ನಮ್ಮ ತಂಡವು ವಿಚಿತ್ರವಾಗಿ ಕೂಡಿಕೊಂಡಿತು. ನ್ಯಾಯಶಾಸ್ತ್ರವನ್ನು ಓದಲು ಬಂದಿದ್ದ ಮಿತಭಾಷಿಯಾದ ಜಪಾನೀ ವಿದ್ಯಾರ್ಥಿಯೊಬ್ಬನು. ಭಾಷಾಶಾಸ್ತ್ರದ ಹಂಗೇರಿಯ ಹುಡುಗಿಯೊಬ್ಬಳು. ತಲಶ್ಶೇರಿಯ ಕಡೆಯವನಾದ ರಸಾಯನಶಾಸ್ತ್ರದ ಮಲಯಾಳಿ ಮಿತ್ರನೊಬ್ಬನು. ಮತ್ತು ಆ ಸೀಮೆಯವನೇ ಆದ ಕ್ರೈಸ್ತ ಮತಶಾಸ್ತ್ರದ ವಿದ್ಯಾರ್ಥಿ. ಕೊನೆಯವನೇ ನಮ್ಮ ದಾರಿ ತೋರುವವನು. ಪ್ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ ಅವನ ದೊಡ್ಡತ್ತೆಯೊಬ್ಬರಿದ್ದರು. ರಾತ್ರಿ ಅಲ್ಲಿ ಮಲಗುವುದೆಂದು ನಿಶ್ಚಯವಾಯಿತು. ಊರಿನಿಂದ ತಾಯಿಯವರು ಕಳುಹಿಸಿದ್ದ ಅವಲಕ್ಕಿಯಲ್ಲಿ ಉಳಿದುದನ್ನೆಲ್ಲ ಒಗ್ಗರಣೆ ಹಾಕಿ ಕಟ್ಟಿಕೊಂಡೆನು.

ಟ್ಯೂಬಿಂಗನ್ನಿನಿಂದ ಗಾಡಿಯು ನೆಕ್ಕರ್ ನದಿಯ ಮೇಲ್ಬದಿಗೆ ಹೋಗುವುದು. ಹೊರ್ಬ್ ಎಂಬಲ್ಲಿ ಇಳಿದು ಬೇರೆ ಗಾಡಿಯನ್ನು ಹತ್ತಬೇಕು. ಎರಡನೆಯ ಗಾಡಿಗೆ ಎರಡೇ ಡಬ್ಬಿಗಳು. ಬೇರೆ ಇಂಜಿನ್ನೆಂಬುದಿಲ್ಲ, ಡಬ್ಬಿಯ ಹೊಟ್ಟೆಯಲ್ಲಿಯೇ ಡೀಸಲ್ ಯಂತ್ರ ಅಡಗಿರುವುದು. ಚಾಲಕನ ಬೆನ್ನ ಹಿಂದಿನ ಗಾಜಿನಿಂದ ಕಂಬಿಗಳು ನಮ್ಮ ಕಡೆಗೆ ಓಡಿಬರುವುದು ಕಾಣುತ್ತಿದ್ದಿತು. ನನಗೆ ಆ ಸ್ಥಳವನ್ನು ಬಿಟ್ಟು ಏಳುವ ಮನಸ್ಸಾಗಲಿಲ್ಲ. ನಾಗೋಲ್ಡ್ ನದಿಯ ಕಣಿವೆಯನ್ನು ಹೊಕ್ಕ ಮೇಲೆ ಎರಡು ಕಡೆಗಳಲ್ಲಿಯೂ ಕಪ್ಪುಹಸುರಿನ ದೇವದಾರು ಜಾತಿಯ ಮರಗಳು ಇಳಿಜಾರನ್ನು ತುಂಬಿಕೊಂಡು ನಿಂತಿದ್ದವು. ಈ ಕಾಡಿಗೆ ಕೃಷ್ಣಾರಣ್ಯವೆಂಬರ್ಥದ ಹೆಸರನ್ನು ಏಕೆ ಕೊಟ್ಟರೆಂಬುದು ಆಗ ತಿಳಿಯಿತು. ಹಿಂದೆ ಈ ಮರಗಳನ್ನು ಕಡಿದು, ತೆಪ್ಪಗಳಾಗಿ ಕಟ್ಟಿ, ನಾಗೋಲ್ಡಿನಿಂದ ಎನ್ಟ್ಸ್ ನದಿಗೆ, ಅಲ್ಲಿಂದ ನೆಕ್ಕರಿಗೆ, ನೆಕ್ಕರಿನಿಂದ ರೈನ್ ಮಹಾನದಿಗೆ ತೇಲಿಬಿಟ್ಟು ಹಾಲೆಂಡ್ ದೇಶದ ವರೆಗೆ ಸಾಗಿಸುತ್ತಿದ್ದರಂತೆ. ನಮ್ಮ ಜಪಾನೀ ಮಿತ್ರನು ಅಂದು ಆಡಿದ ಮಾತು ಒಂದೇ: ಮರಗಳು ತಮ್ಮ ಊರಿನವುಗಳ ಹಾಗೆಯೇ ಇವೆಯೆಂದು.

ಹತ್ತು ಗಂಟೆಯ ಮೇಲೆ ಕಾಲ್ವ್ ಊರು ಬಂದಿತು. ಕಣಿವೆಯು ಬಹಳ ಇಕ್ಕಟ್ಟಾದುದರಿಂದ ಮನೆಗಳು ಒಂದರ ಹೆಗಲ ಮೇಲೆ ಒಂದು ನಿಂತಂತೆ ಇವೆ. ಮರದ ಚೌಕಟ್ಟನ್ನು ಹೊರಕ್ಕೆ ಕಾಣುವಂತೆ ಬಿಟ್ಟು, ನಡುವೆ ಗಾರೆ ತುಂಬಿ ಕಟ್ಟಿದ ಗೋಡೆಗಳು. ನದಿಗೆ ಅಡ್ಡಲಾಗಿ ಸಂತ ನಿಕೊಲಾಸನ ಹೆಸರಿನ ಕಲ್ಲುಸೇತುವೆಯೊಂದುಂಟು. ಅದರ ನಟ್ಟನಡುವಿನ ಕಂಬದ ಮೇಲೆ ಸುಮಾರು 1400ರಲ್ಲಿ ಕಟ್ಟಿದ ಒಂದು ಪುಟ್ಟ ಗುಡಿ. ನಮ್ಮ ಊರುಗಳಲ್ಲಿ ಹೊಳೆ ದಾಟುವ ಕಡೆ ಒಂದು ಕಲ್ಲನ್ನು ನಿಲ್ಲಿಸಿ ಕುಂಕುಮವಿಡುವಂತೆ, ಇಲ್ಲಿಯವರೂ ನೀರಿನ ಭಯಕ್ಕೆ ಒಬ್ಬ ಕಾವಲಿನವನನ್ನು ಇಟ್ಟುಕೊಂಡಿದ್ದಾರೆ. ಈ ಊರಿನಲ್ಲಿ 1877ರ ಜುಲೈ 2ರಂದು ಹುಟ್ಟಿದ ಹರ್ಮನ್ ಹೆಸ್ಸೆ ಎಂಬ ಕಾದಂಬರಿಕಾರನಿಗೆ 1946ರಲ್ಲಿ ನೊಬೆಲ್ ಬಹುಮಾನ ಬಂದುದನ್ನೂ, ಅವನು ‘ಸಿದ್ಧಾರ್ಥ’ವೆಂಬ ಗ್ರಂಥವನ್ನು ಬರೆದುದನ್ನೂ ವಾಚಕರಲ್ಲಿ ಅನೇಕರು ಬಲ್ಲರು. ಅವನು ಲೋಕವನ್ನೆಲ್ಲ ಸುತ್ತಿದ ಮೇಲೆಯೂ ಈ ಸೇತುವೆಯಷ್ಟು ಪ್ರಿಯವಾದ ಸ್ಥಳವು ತನಗೆ ಮತ್ತೊಂದಿಲ್ಲವೆಂಬರ್ಥದಲ್ಲಿ ಬರೆದನು. ಈಗ ಅದೇ ಸೇತುವೆಯ ಮೇಲೆ ಅವನ ಕಂಚಿನ ಪ್ರತಿಮೆಯು ನಿಂತಿದೆಯೆಂದು ಕೇಳಿದ್ದೇನೆ. ಅದನ್ನು ನಿಲ್ಲಿಸಿದುದು 2002ರಲ್ಲಿ. ನಾವು ಹೋದಾಗ ಅಲ್ಲಿ ಮೀನಿಗೆ ಗಾಳ ಹಾಕಿ ಕುಳಿತ ಮುದುಕನೊಬ್ಬನು ಮಾತ್ರ ಇದ್ದನು.

ಆದರೆ ನನ್ನನ್ನೂ ನನ್ನ ಮಲಯಾಳಿ ಮಿತ್ರನನ್ನೂ ಈ ಊರಿಗೆ ಎಳೆದುತಂದವರು ಹೆಸ್ಸೆಯಲ್ಲ. ಅವನ ತಾಯಿಯ ತಂದೆಯಾದ ಹರ್ಮನ್ ಗುಂಡರ್ಟರು. ಇವರು 1836ರಲ್ಲಿ ಭಾರತಕ್ಕೆ ಬಂದು, ಬಹುಕಾಲ ತಲಶ್ಶೇರಿಯಲ್ಲಿದ್ದು, ಮಲಯಾಳ ಭಾಷೆಗೆ ವ್ಯಾಕರಣವನ್ನೂ, 1872ರಲ್ಲಿ ಪ್ರಕಟವಾದ ದೊಡ್ಡ ಕೋಶವನ್ನೂ ಬರೆದವರು. ದೇಹಸ್ಥಿತಿ ಕೆಟ್ಟು 1859ರಲ್ಲಿ ಹಿಂದಿರುಗಿದ ಮೇಲೆ ಈ ಕಾಲ್ವ್ ಊರಿನ ಪ್ರಕಾಶನ ಸಂಘದ ಕೆಲಸವನ್ನು ನೋಡಿಕೊಂಡು 1893ರಲ್ಲಿ ತೀರಿಕೊಂಡರು. ಇವರ ಮಗಳು, ಎಂದರೆ ಹೆಸ್ಸೆಯ ತಾಯಿ, ಹುಟ್ಟಿದುದು ತಲಶ್ಶೇರಿಯಲ್ಲಿ. ಮೋಗ್ಲಿಂಗರು ಇವರ ಸ್ನೇಹಿತರು. ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ ಕನ್ನಡದ ಮೊದಲ ವೃತ್ತಾಂತ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದರೆಂಬುದನ್ನು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ, ಅವರು 1881ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಂಡ ಮೇಲೆ ಅವರ ಚರಿತ್ರೆಯನ್ನು ಬರೆದವರು ಗುಂಡರ್ಟರೇ.

“ಮಾಷೇ, ಕೋಶವನ್ನು ಮೊದಲು ಮುಗಿಸಿದವರು ನಮ್ಮವರು, ನಿಮ್ಮ ಕಿಟ್ಟೆಲರದು ಇಪ್ಪತ್ತೆರಡು ವರ್ಷ ತಡ,” ಎಂದು ನನ್ನ ಮಿತ್ರನು ದಾರಿಯುದ್ದಕ್ಕೂ ನನ್ನನ್ನು ಕೆಣಕುತ್ತಿದ್ದನು. 1894ರಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ಸುಮಾರು 70,000 ಪದಗಳಿವೆಯೆಂದು ನಾನು ಉತ್ತರ ಕೊಟ್ಟೆನು. ಇಬ್ಬರು ಭಾರತೀಯರು ಜರ್ಮನಿಯ ಸಂತೆಬೀದಿಯಲ್ಲಿ ನಿಂತು, ಇಬ್ಬರು ಜರ್ಮನರಲ್ಲಿ ಯಾರು ಹೆಚ್ಚೆಂದು ಜಗಳವಾಡುವುದನ್ನು ಕಂಡು ಹಂಗೇರಿಯ ಹುಡುಗಿಗೆ ನಗು ತಡೆಯಲಾಗಲಿಲ್ಲ. ಈ ಪಾದರಿಗಳು ಬಂದುದು ಮತವನ್ನು ಹಬ್ಬಿಸುವುದಕ್ಕೆ, ಅದರಲ್ಲಿ ಸಂದೇಹವಿಲ್ಲ. ನನಗೆ ವ್ಯಾಕರಣವನ್ನು ಕಲಿಸಿದ ವೈದಿಕರಾದ ಗುರುಗಳು ಆ ವಿಷಯದಲ್ಲಿ ಅವರನ್ನು ಕ್ಷಮಿಸಿದವರಲ್ಲ. ಆದರೆ ಶಬ್ದದ ಸಂದೇಹ ಬಂದಾಗ ಮಡಿಯಲ್ಲಿದ್ದುಕೊಂಡೇ ಕಿಟ್ಟೆಲರ ಕೋಶವನ್ನು ನನ್ನಿಂದ ತೆಗೆಯಿಸಿ ಓದಿಸಿ ಕೇಳುತ್ತಿದ್ದರು.

ಹೆಸ್ಸೆಯ ವಸ್ತುಸಂಗ್ರಹಾಲಯವನ್ನು ನೋಡಿಕೊಂಡು, ತಾಯಿಯವರಿಗೆ ಕಳುಹಿಸುವುದಕ್ಕೆಂದು ಸೇತುವೆಯ ಚಿತ್ರವಿರುವ ಒಂದು ಕಾರ್ಡನ್ನು ಕೊಂಡೆನು. ಅನಂತರ ನದಿಯ ದಡದಲ್ಲಿಯೇ ನಡೆದು ಹಿರ್ಸಾವಿಗೆ ಹೋದೆವು. ಹನ್ನೊಂದನೆಯ ಶತಮಾನದಲ್ಲಿ ವಿಲ್ಹೆಲ್ಮನೆಂಬ ಮಠಾಧಿಪತಿಯ ಕಾಲದಲ್ಲಿ ಇಲ್ಲಿನ ಮಠವು ಜರ್ಮನಿಗೆಲ್ಲ ಆಚಾರವನ್ನು ಕಲಿಸುವ ಸ್ಥಳವಾಗಿತ್ತು. 1692ರಲ್ಲಿ ಫ್ರೆಂಚರ ಸೈನ್ಯವು ಸುಟ್ಟ ಮೇಲೆ ಉಳಿದಿರುವುದು ಒಂದು ಗೋಪುರ, ಕೆಲವು ಕಮಾನುಗಳು, ಮತ್ತು ಹುಲ್ಲು. ಪಾಳುಬಿದ್ದ ಅರಮನೆಯ ಗೋಡೆಗಳ ನಡುವೆ ಹುಟ್ಟಿ ಮಾಡಿಲ್ಲದ ಮೇಲ್ಭಾಗದಿಂದ ಆಕಾಶಕ್ಕೆ ಬೆಳೆದಿದ್ದ ಒಂದು ಮಹಾವೃಕ್ಷವು ಇಲ್ಲಿ ಪ್ರಸಿದ್ಧವಾಗಿತ್ತು. ಊಲಾಂಡ್ ಕವಿಯು ಅದರ ಮೇಲೆ ಪದ್ಯವನ್ನು ಬರೆದನು. ಅದು ರೋಗ ತಗಲಿ 1989ರಲ್ಲಿ ಹೋಯಿತು. ಆರು ವರ್ಷ ತಡವಾಗಿ ಬಂದೆವೆಂದು ನಮ್ಮ ಮಾರ್ಗದರ್ಶಿಯು ಬಹಳ ಪೇಚಾಡಿದನು. ಹಂಪೆಯನ್ನು ಕಂಡ ಕಣ್ಣಿಗೆ ಹಿರ್ಸಾವು ದೊಡ್ಡದಲ್ಲ. ಆದರೆ ಅಲ್ಲಿನ ಮೌನವು ದೊಡ್ಡದು.

ಸಂಜೆಯ ಗಾಡಿಯಲ್ಲಿ ಪ್ಫೋರ್ಟ್ಸ್‌ಹೈಮಿಗೆ ಬಂದೆವು. ಮೂರು ನದಿಗಳು ಕೂಡುವ ಈ ಊರು ಚಿನ್ನದ ಕೆಲಸಕ್ಕೆ ಹೆಸರಾದುದು. ಆದರೆ ಹಳೆಯ ಮನೆಯೆಂಬುದು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಆ ದೊಡ್ಡತ್ತೆಯವರಿಗೆ ಎಪ್ಪತ್ತರ ಮೇಲೆ ವಯಸ್ಸು. ಐವರು ಅತಿಥಿಗಳಿಗೂ ಆಲೂಗಡ್ಡೆಯ ಸಾರನ್ನು ಮಾಡಿಟ್ಟು, ನನಗಾಗಿ ಮಾಂಸ ತಾಗದ ಬೇರೆ ಪಾತ್ರೆಯಲ್ಲಿ ಬೇಯಿಸಿದೆನೆಂದು ಎರಡು ಸಲ ಹೇಳಿದರು. ಊಟವಾದ ಮೇಲೆ ಅವರಾಗಿಯೇ ಆ ಮಾತನ್ನು ತೆಗೆದರು. 1945ರ ಫೆಬ್ರವರಿ 23ರ ಸಂಜೆ, ಸುಮಾರು ಇಪ್ಪತ್ತು ನಿಮಿಷಗಳ ವಿಮಾನದಾಳಿಯಲ್ಲಿ ಈ ಊರಿನಲ್ಲಿ 17,000ಕ್ಕೂ ಹೆಚ್ಚು ಮಂದಿ ಸತ್ತರು. ಅವರು ಅಂದು ಹತ್ತಿರದ ಹಳ್ಳಿಗೆ ಹಾಲು ತರಲು ಹೋಗಿದ್ದರು. ಐವತ್ತು ವರ್ಷ ತುಂಬಿ ಆಗ ಒಂದು ತಿಂಗಳಾಗಿತ್ತು. “ಹಾಲು ಸಿಕ್ಕಲಿಲ್ಲ,” ಎಂದು ಹೇಳಿ ಅವರು ಪಾತ್ರೆಗಳನ್ನು ಎತ್ತಿಕೊಂಡು ಒಳಕ್ಕೆ ಹೋದರು.

ಮರುದಿನ ನಮಗೆ ಒಂದು ಪೇಚು ಒದಗಿತು. ಯೂರೋಪಿನಲ್ಲಿ ಮಾರ್ಚ್ ತಿಂಗಳ ಕಡೆಯ ಭಾನುವಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುವರು. ಬೇಸಗೆಯ ಬೆಳಕನ್ನು ಉಳಿಸಿಕೊಳ್ಳುವ ಉಪಾಯವಿದು. ಅತ್ತೆಯವರ ಗೋಡೆಯ ಗಡಿಯಾರವನ್ನು ತಿರುಗಿಸುವ ಕೆಲಸವು ಅವರ ಯಜಮಾನರದಾಗಿದ್ದಿತು. ಯಜಮಾನರು ಹಿಂದಿನ ಬೇಸಗೆಯಲ್ಲಿ ಹೋಗಿಬಿಟ್ಟಿದ್ದರು. ನಾವು ಆ ಗಡಿಯಾರವನ್ನು ನಂಬಿ ನಿಧಾನವಾಗಿ ಕಾಫಿ ಕುಡಿದು ನಿಲ್ದಾಣಕ್ಕೆ ಹೋದೆವು. ಗಾಡಿ ಹೊರಟು ಬಹಳ ಹೊತ್ತಾಗಿತ್ತು. ಸೂರ್ಯನು ಹುಟ್ಟಿದಂತೆಲ್ಲ ಘಳಿಗೆಯನ್ನೆಣಿಸುವ ಪಂಚಾಂಗದವರ ಮನೆಯಲ್ಲಿ ಬೆಳೆದ ನನಗೆ, ಸರಕಾರದ ಆಜ್ಞೆಯಿಂದ ಎರಡೂವರೆ ಘಳಿಗೆ ಕಾಲವು ಮಾಯವಾದುದು ಬಹು ದೊಡ್ಡ ಆಶ್ಚರ್ಯವಾಗಿ ತೋರಿತು. ಸಿಟ್ಟಾಗುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ನಮ್ಮ ಮಾರ್ಗದರ್ಶಿಯು ಮಾತ್ರ ಹಿಂದಿರುಗಿ ಓಡಿಹೋಗಿ, ಗಡಿಯಾರವನ್ನು ತಿರುಗಿಸಿಕೊಟ್ಟು ಬಂದನು.

ಮ್ಯೂಲಾಕರಿನಲ್ಲಿ ಗಾಡಿ ಬದಲಾಯಿಸಿ, ಪಶ್ಚಿಮ ಮೌಲ್‌ಬ್ರೊನ್ನೆಂಬ ಒಂಟಿ ನಿಲ್ದಾಣದಲ್ಲಿ ಇಳಿದು, ಕಾಡಿನ ದಾರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ನಡೆದೆವು. ಆ ನಡಿಗೆಯಲ್ಲಿಯೇ ನಮ್ಮ ಮಾರ್ಗದರ್ಶಿಯು, ತಾನು ಈ ಮಠದ ಶಾಲೆಯಲ್ಲಿಯೇ ಓದಿದವನೆಂದು ಹೇಳಿದನು. 1147ರಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಈ ಸ್ಥಳದಲ್ಲಿ ನೆಲಸಿದರು. ಲೂಥರನ ಮತಸುಧಾರಣೆಯ ತರುವಾಯ, 1556ರಲ್ಲಿ, ಆ ಸೀಮೆಯ ದೊರೆಯು ಮಠವನ್ನು ಶಾಲೆಯಾಗಿ ಮಾಡಿದನು. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನೂ, ಹ್ಯೋಲ್ಡರ್ಲಿನ್ ಕವಿಯೂ, ಗುಂಡರ್ಟರೂ ಬಾಲ್ಯದಲ್ಲಿ ಇಲ್ಲಿ ಓದಿದವರು. ಶಾಲೆಯು ಇಂದಿಗೂ ನಡೆಯುತ್ತಿದೆ. ಕಟ್ಟಡಗಳನ್ನೆಲ್ಲ 1993ರಲ್ಲಿ ವಿಶ್ವದ ಪರಂಪರೆಯ ಪಟ್ಟಿಗೆ ಸೇರಿಸಿದರು.

ಮಠವನ್ನು ಸುತ್ತಿ ಒಂದು ಕೋಟೆ. ಒಳಹೊಕ್ಕರೆ ಸಣ್ಣದೊಂದು ಊರೇ ಕಾಣುವುದು: ಕಮ್ಮಾರಸಾಲೆ, ಗಿರಣಿ, ಕಣಜ, ಲಾಯ. 1178ರಲ್ಲಿ ಪ್ರತಿಷ್ಠೆಯಾದ ಇಗರ್ಜಿಯ ಮುಂದಿನ ಮೊಗಸಾಲೆಗೆ ‘ಸ್ವರ್ಗ’ವೆಂದು ಹೆಸರಿಟ್ಟಿದ್ದಾರೆ. ಇಗರ್ಜಿಯ ಒಳಗೆ ಅಡ್ಡಲಾಗಿ ಒಂದು ಕಲ್ಲಿನ ಗೋಡೆಯುಂಟು. ಅದರ ಆಚೆಗೆ ದೀಕ್ಷೆ ಹೊಂದಿದ ಸನ್ಯಾಸಿಗಳು, ಈಚೆಗೆ ಹೊಲ ಉಳುವ ಸಹೋದರರು. ಇದನ್ನು ಕಂಡು ನನ್ನ ಮಲಯಾಳಿ ಮಿತ್ರನು ನನ್ನ ಮುಖವನ್ನು ನೋಡಿದನು. ನಾನು ಕಂಬದ ಕೆತ್ತನೆಯನ್ನು ನೋಡಿದೆನು. ನೀರಿನ ಮನೆಯೆಂಬುದು ಬಹು ರಮ್ಯ. ಅಂಗಳಕ್ಕೆ ಚಾಚಿಕೊಂಡ ಒಂದು ಮಂಟಪದಲ್ಲಿ ಒಂದರ ಮೇಲೊಂದು ಬಟ್ಟಲು; ಮೇಲಿನಿಂದ ಕೆಳಕ್ಕೆ ತುಳುಕುವ ನೀರು. ಒಂದು ಹೇಸರಗತ್ತೆಯು ದಣಿದು ನಿಂತು ಇಲ್ಲಿ ನೀರು ಕುಡಿದುದರಿಂದ ಮಠಕ್ಕೆ ಈ ಸ್ಥಳವೇ ಆಗಬೇಕೆಂದು ನಿಶ್ಚಯಿಸಿದರೆಂಬ ಕಥೆಯುಂಟು. ಶೃಂಗೇರಿಯ ಕಪ್ಪೆಯನ್ನೂ ಹಾವನ್ನೂ ನೆನೆಸಿಕೊಂಡೆನು. ಚಳಿಗಾಲದಲ್ಲಿ ಇಡೀ ಮಠಕ್ಕೆ ಬೆಚ್ಚಗಿರುತ್ತಿದ್ದ ಕೊಠಡಿ ಒಂದೇ; ಅದರ ನೆಲದ ಕೆಳಗೆ ಬೆಂಕಿ ಹಾಕುತ್ತಿದ್ದರು.

ಮಧ್ಯಾಹ್ನ ಹೋಟೆಲಿನಲ್ಲಿ ನಾನು ಕೆಟ್ಟುಹೋಗುತ್ತಿದ್ದೆನು. ಸಾರಿನಲ್ಲಿ ತೇಲುವ ಕಡುಬಿನಂತಹ ಒಂದು ಪದಾರ್ಥವನ್ನು ಪಕ್ಕದವರ ತಟ್ಟೆಯಲ್ಲಿ ಕಂಡು, ಒಳಗೆ ಸೊಪ್ಪು ಕಾಣುತ್ತಿದ್ದುದರಿಂದ ಸಂತೋಷಪಟ್ಟು ಅದನ್ನೇ ಕೇಳಿದೆನು. ಮಾರ್ಗದರ್ಶಿಯು ನನ್ನ ಕೈ ಹಿಡಿದನು. ಉಪವಾಸದ ದಿನಗಳಲ್ಲಿ ಮಾಂಸವನ್ನು ಬಿಡಲಾರದ ಈ ಮಠದ ಸನ್ಯಾಸಿಗಳು ಅದನ್ನು ಸೊಪ್ಪಿನಲ್ಲಿ ಕಲಸಿ, ಹಿಟ್ಟಿನಲ್ಲಿ ಮುಚ್ಚಿ, ದೇವರ ಕಣ್ಣಿಗೆ ಬೀಳದಂತೆ ಮಾಡಿ ತಿಂದರೆಂದೂ, ದೇವರಿಗೆ ಮೋಸ ಮಾಡುವ ತಿಂಡಿಯೆಂದೇ ಅದಕ್ಕೆ ಹಳ್ಳಿಯ ಹೆಸರೆಂದೂ ವಿವರಿಸಿದನು. ನಾನು ಕೋಟೆಯ ಗೋಡೆಯ ಮೇಲೆ ಕುಳಿತು ಅವಲಕ್ಕಿಯನ್ನು ತಿಂದೆನು. ಜಪಾನೀ ಮಿತ್ರನು ಅದರಲ್ಲಿ ಅರ್ಧ ಪಾಲನ್ನು ತೆಗೆದುಕೊಂಡನು.

ಅಲ್ಲಿಯೇ ಮಾರ್ಗದರ್ಶಿಯು ಹೆಸ್ಸೆಯ ಕಥೆಯನ್ನು ಹೇಳಿದುದು. ಹೆಸ್ಸೆಯು 1891ರಲ್ಲಿ, ಕಠಿನವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಈ ಶಾಲೆಯನ್ನು ಸೇರಿದನು. 1892ರ ಮಾರ್ಚ್ 7ರಂದು, ಇನ್ನೂ ಹದಿನೈದು ತುಂಬದ ಆ ಹುಡುಗನು, ಕೈಯಲ್ಲಿ ಹಣವಿಲ್ಲದೆ, ಮೈಮೇಲೆ ದಪ್ಪನೆಯ ಕೋಟಿಲ್ಲದೆ, ಯಾರಿಗೂ ಹೇಳದೆ ಹೊರಟುಹೋದನು. ಆ ಚಳಿಯ ರಾತ್ರಿಯನ್ನು ಹೊರಗೆ ಕಳೆದು, ಮರುದಿನ ಸಿಕ್ಕಿಬಿದ್ದನು. ಶಾಲೆಯವರು ಎಂಟು ಗಂಟೆಗಳ ಕಾಲ ಕೋಣೆಯಲ್ಲಿ ಕೂಡಿಹಾಕಿದರು. ಆ ಮೇಲೆ ಅವನ ಮನಸ್ಸು ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಶಾಲೆಯನ್ನು ಬಿಡಿಸಿದರು. ಬೇಸಗೆಯಲ್ಲಿ ಪ್ರಾಣವನ್ನು ಕಳೆದುಕೊಳ್ಳುವ ಪ್ರಯತ್ನವನ್ನೂ ಮಾಡಿದನು. ಅನಂತರ ಕಾಲ್ವಿನಲ್ಲಿ ಗೋಪುರದ ಗಡಿಯಾರಗಳನ್ನು ಮಾಡುವ ಕಾರ್ಖಾನೆಯಲ್ಲಿ ಅರದಿಂದ ಉಜ್ಜುವ ಕೆಲಸ. 1895ರಿಂದ ನಮ್ಮ ಟ್ಯೂಬಿಂಗನ್ನಿನಲ್ಲಿ ಪುಸ್ತಕದಂಗಡಿಯ ಕೆಲಸ. ನಾನು ದಿನವೂ ಆ ಅಂಗಡಿಯ ಮುಂದೆಯೇ ಓಡಾಡುತ್ತಿದ್ದೆನು.

“ಮನೆಯವರು ಏನೆಂದರು?” ಎಂದು ಹಂಗೇರಿಯ ಹುಡುಗಿ ಕೇಳಿದಳು.

ಓಡಿಹೋಗಿ ಸಿಕ್ಕಿಬಿದ್ದ ಹುಡುಗನನ್ನು ತಾತನ ಬಳಿಗೆ ಕಳುಹಿಸಿದರಂತೆ. ತಾತನೆಂದರೆ ಗುಂಡರ್ಟರು; ಎಪ್ಪತ್ತೆಂಟು ವರ್ಷದ ಮುದುಕರು; ಬಿಳಿಯ ಗಡ್ಡ, ಸುತ್ತಲೂ ಪುಸ್ತಕಗಳು. ಹುಡುಗನು ನಡುಗುತ್ತ ಬಾಗಿಲನ್ನು ತೆರೆದನು. ಮುದುಕರು ತಲೆಯೆತ್ತಿ ನೋಡಿ, ನೀನು ಇತ್ತೀಚೆಗೆ ಒಂದು ಸಣ್ಣ ಯಾತ್ರೆಯನ್ನು ಮಾಡಿದೆಯಂತೆ, ಎಂಬ ಅರ್ಥದ ಮಾತನ್ನು ನಗುತ್ತ ಆಡಿದರು. ಅವರು ಹೇಳಿದ ಶಬ್ದವು ಅವರ ವಿದ್ಯಾರ್ಥಿದೆಸೆಯ ಕಾಲದ್ದು: ಪ್ರತಿಭೆಯ ಹುಚ್ಚಿನಿಂದ ಹೊರಡುವ ಪುಟ್ಟ ಪ್ರಯಾಣವೆಂದು ಅದನ್ನು ಬಿಡಿಸಬಹುದು. ಈ ಸೀಮೆಯವರು ಯಾವ ನಾಮಪದಕ್ಕಾದರೂ ‘ಲೆ’ ಎಂಬ ಪ್ರತ್ಯಯವನ್ನು ಹಚ್ಚಿ ಅದನ್ನು ಮುದ್ದಾಗಿ ಮಾಡಿಕೊಳ್ಳುವರು. ಮುದುಕರು ಆ ಹುಡುಗನ ಅಪರಾಧಕ್ಕೂ ಆ ಪ್ರತ್ಯಯವನ್ನು ಹಚ್ಚಿದರು. ಮತ್ತೊಂದು ಮಾತನ್ನೂ ಆಡಲಿಲ್ಲವಂತೆ. ಹೆಸ್ಸೆಯು ಮುದುಕನಾದ ಮೇಲೆ ಇದನ್ನು ತಾನೇ ಬರೆದಿಟ್ಟಿದ್ದಾನೆ.

ನನ್ನ ಸಂಗಡಿಗರೆಲ್ಲರೂ ನಕ್ಕರು. ನನಗೆ ಅವಲಕ್ಕಿ ಗಂಟಲಲ್ಲಿ ಇಳಿಯಲಿಲ್ಲ.

ನಾನು ವಿದೇಶಕ್ಕೆ ಹೊರಡುವ ಹಿಂದಿನ ವರ್ಷ, 1993ರ ಫೆಬ್ರವರಿಯಲ್ಲಿ, ನಮ್ಮ ಶಾಲೆಯ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನದಾಗಿದ್ದಿತು. ಹತ್ತನೆಯ ತರಗತಿಯ ಹುಡುಗನೊಬ್ಬನು ರಾತ್ರಿ ಗೋಡೆ ಹಾರಿ ಹೋದನು. ಬಳೆಗಾರರ ಮಗ, ಸಂಸ್ಕೃತವನ್ನು ತೆಗೆದುಕೊಂಡು, ಶಬ್ದರೂಪಗಳನ್ನು ಒಂದು ವಿಭಕ್ತಿಯೂ ತಪ್ಪದಂತೆ ಹೇಳುತ್ತಿದ್ದವನು. ಎರಡು ದಿನದ ಮೇಲೆ ಬೀರೂರಿನ ರೈಲು ನಿಲ್ದಾಣದ ಪ್ಲಾಟುಫಾರಮಿನಲ್ಲಿ ಸಿಕ್ಕಿದನು. ಏಕೆ ಹೋದೆಯೆಂದು ಕೇಳಿದರೆ, “ರೈಲು ನೋಡುವುದಕ್ಕೆ ಸಾರ್,” ಎಂದನು. ನಮ್ಮ ಊರಿನ ಕಡೆಗೆ ರೈಲು ಇಲ್ಲ. ಅವನು ಅದನ್ನು ಕಂಡೇ ಇರಲಿಲ್ಲ. ಪರೀಕ್ಷೆಗೆ ಒಂದು ತಿಂಗಳಿರುವಾಗ ಇಂತಹ ಉತ್ತರವನ್ನು ಕೊಡುವುದು ಉದ್ಧಟತನವೆಂದು ನನಗೆ ತೋರಿತು. ಮೂರು ದಿನ ಪ್ರಾರ್ಥನೆಯ ಹೊತ್ತಿನಲ್ಲಿ, ನಾನೂರು ಮಕ್ಕಳ ಮುಂದೆ, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ನಾಲ್ಕನೆಯ ದಿನ ಅವನು ಟ್ರಂಕನ್ನು ಎತ್ತಿಕೊಂಡು ಮನೆಗೆ ಹೋದನು. ಪರೀಕ್ಷೆಗೆ ಕೂರಲಿಲ್ಲ. ತಂದೆಯು ಬಂದು ಕೈಮುಗಿದು ನಿಂತಾಗ ನಾನು ಶಿಸ್ತಿನ ವಿಷಯವಾಗಿ ಅರ್ಧ ಗಂಟೆ ಮಾತನಾಡಿದೆನು.

ಮಕ್ಕಳನ್ನು ಯಾವ ವಯಸ್ಸಿನ ವರೆಗೆ ಮುದ್ದಿಸಬೇಕು, ಯಾವ ವಯಸ್ಸಿನ ವರೆಗೆ ದಂಡಿಸಬೇಕು ಎಂಬ ಸುಭಾಷಿತವನ್ನು ತರಗತಿಯಲ್ಲಿ ಅರ್ಥಸಹಿತವಾಗಿ ಬಾಯಿಪಾಠ ಮಾಡಿಸಿದವನು ನಾನು. ಹದಿನಾರನೆಯ ವರ್ಷದ ವಿಷಯವು ಅದರ ಉತ್ತರಾರ್ಧದಲ್ಲಿದೆ. ಆ ಹುಡುಗನಿಗೆ ಆಗ ಹದಿನಾರು. ಮತ್ತು ನಾನು ಎರಡು ದಿನಗಳಿಂದ ಮಾಡುತ್ತಿದ್ದುದಾದರೂ ಏನು? ಮೂರು ಮಾರ್ಕು ಕೊಟ್ಟು, ಚಾಲಕನ ಬೆನ್ನ ಹಿಂದೆ ನಿಂತು, ಕಂಬಿಗಳನ್ನು ನೋಡಿ ಸಂತೋಷಪಡುತ್ತಿದ್ದೆನು.

ಸಂಜೆ ಸ್ಟುಟ್‌ಗಾರ್ಟಿನ ಮೂಲಕ ಹಿಂದಿರುಗುವಾಗ, ಮಿತ್ರರೆಲ್ಲರೂ ನಿದ್ರೆ ಹೋದ ಮೇಲೆ, ತಾಯಿಯವರಿಗೆಂದು ಕೊಂಡಿದ್ದ ಕಾರ್ಡನ್ನು ಹೊರಕ್ಕೆ ತೆಗೆದೆನು. ಬಹಳ ಹೊತ್ತು ಏನು ಬರೆಯಬೇಕೆಂದು ತೋರಲಿಲ್ಲ. ಕ್ಷಮೆಯನ್ನು ಕೇಳುವ ಮಾತು ಉಪಾಧ್ಯಾಯನ ಲೇಖನಿಯಿಂದ ಸುಲಭವಾಗಿ ಇಳಿಯುವುದಲ್ಲ. ಕಡೆಗೆ ಆ ಹುಡುಗನ ಹೆಸರಿಗೆ, ಅವನ ತಂದೆಯ ಅಂಗಡಿಯ ವಿಳಾಸವನ್ನು ಹಾಕಿ, ‘ನಾನು ಈಗ ರೈಲು ನೋಡುವುದಕ್ಕೆ ಹೋಗಿ ಬರುತ್ತಿದ್ದೇನೆ. ಈ ಸೇತುವೆಯ ಊರಿಗೆ ರೈಲಿನಲ್ಲಿಯೇ ಹೋಗಿದ್ದೆ. ನೀನು ನೋಡಿದ್ದರೆ ಸಂತೋಷಪಡುತ್ತಿದ್ದೆ. ಅಂದು ನಾನು ಮಾಡಿದುದು ಸರಿಯಲ್ಲ,’ ಎಂದು ಬರೆದೆನು. ಕಾರ್ಡಿನಲ್ಲಿ ಅಷ್ಟಕ್ಕೇ ಸ್ಥಳವಿದ್ದಿತು. ಟ್ಯೂಬಿಂಗನ್ನಿನಲ್ಲಿ ಇಳಿದೊಡನೆ ನಿಲ್ದಾಣದ ಅಂಚೆಯ ಪೆಟ್ಟಿಗೆಯನ್ನು ಗುರುತಿಟ್ಟುಕೊಂಡು, ಮರುದಿನ ಅಂಚೆಚೀಟಿಯನ್ನು ಹಚ್ಚಿ ಹಾಕಿದೆನು. ತಾಯಿಯವರಿಗೆ ಆ ವಾರ ಬರಿಯ ಕಾಗದವೇ ಹೋಯಿತು.

ಉತ್ತರ ಬರಲಿಲ್ಲ. ನಾನು ಬೇಸಗೆಯ ಕೊನೆಯಲ್ಲಿ ಊರಿಗೆ ಬಂದು ಮತ್ತೆ ಶಾಲೆಯಲ್ಲಿ ಪಾಠ ಹೇಳತೊಡಗಿದೆನು. 1996ರ ಜಾತ್ರೆಯಲ್ಲಿ ಬಳೆಯ ಅಂಗಡಿಗಳ ಸಾಲಿನಲ್ಲಿ ಹೋಗುತ್ತಿರುವಾಗ ಆ ತಂದೆಯವರು ಕಣ್ಣಿಗೆ ಬಿದ್ದರು. ತಪ್ಪಿಸಿಕೊಂಡು ಹೋಗಬೇಕೆಂದು ಒಂದು ಕ್ಷಣ ಮನಸ್ಸಾಯಿತು. ಅವರೇ ಎದ್ದು ನಿಂತರು.

“ನಿಮ್ಮ ಕಾರ್ಡು ಬಂತು ಮೇಷ್ಟ್ರೇ. ಅಂಚೆಯವರು ಊರಿಗೆಲ್ಲ ತೋರಿಸಿಕೊಂಡು ತಂದುಕೊಟ್ಟರು.”

“ಹುಡುಗ ಎಲ್ಲಿದ್ದಾನೆ?” ಎಂದು ಕೇಳಿದೆನು.

“ಅರಸೀಕೆರೆಯಲ್ಲಿ, ನಮ್ಮ ಭಾವನ ಅಂಗಡೀಲಿ. ಸ್ಟೇಷನ್ ಹತ್ತಿರಾನೇ. ಕಾರ್ಡು ಅವನ ಹತ್ತಿರ ಇದೆ.” ಅವರು ಬಳೆಯ ಮಲಾರವನ್ನು ಸರಿಪಡಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದು ಮಾತು ಕೇಳು ಅಂದಿದ್ದ. ಆ ರೈಲಿಗೆ ಎಷ್ಟು ಡಬ್ಬಿ ಅಂತ ಮೇಷ್ಟ್ರು ಬರೆದೇ ಇಲ್ಲವಲ್ಲ, ಅಂತ.”

ಎರಡೇ ಡಬ್ಬಿಯೆಂದು ಹೇಳಿದೆನು.